ಆನವಟ್ಟಿಯ ಕಾಫಿ ಚಿಕ್ಕಮ್ಮ

ಕಳೆದ ವಾರ ಆನವಟ್ಟಿಯಿಂದ ಒಂದು ಕಾರ್ಡು ಬಂತು. ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ. ಕ್ಷೇಮಸಮಾಚಾರದ ಮಾತೊಂದೂ ಇಲ್ಲದೆ ನೇರವಾಗಿ ಬರೆದಿದ್ದಳು: "ಕಾಫಿ ಚಿಕ್ಕಮ್ಮ ಹೋದರು. ಬೆಳಿಗ್ಗೆ ಬೀಜ ಹುರಿದಿದ್ದರು. ಮಧ್ಯಾಹ್ನ ಸ್ವಲ್ಪ ಅಡ್ಡಾಗುತ್ತೇನೆ ಅಂತ ಮಲಗಿದವರು ಏಳಲಿಲ್ಲ. ನಿಮಗೆ ತಿಳಿಸಬೇಕು ಅನ್ನಿಸಿತು." ಇನ್ನೇನಾದರೂ ಇರಬಹುದೆಂದು ಕಾರ್ಡನ್ನು ತಿರುಗಿಸಿ ನೋಡಿದೆ. ನನ್ನ ವಿಳಾಸ ಮಾತ್ರ ಇತ್ತು.

ಅವರಿಗೊಂದು ಹೆಸರಿತ್ತು, ನನಗೆ ಗೊತ್ತೂ ಇತ್ತು. ಆದರೆ ಅಂಗಡಿಗೆ ಒಂದು ಬೋರ್ಡು ಬರೆಸಿ ಎಂದು ಯಾರಾದರೂ ಹೇಳಿದರೆ, "ಹುರಿದ ವಾಸನೆ ರಸ್ತೆಗೆ ಬರುತ್ತಲ್ಲ, ಇನ್ನು ಬೋರ್ಡು ಯಾಕೆ?" ಎನ್ನುತ್ತಿದ್ದ ಹೆಂಗಸು ಅವರು. ಹಾಗಾಗಿ ಇಲ್ಲಿಯೂ ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಚಿಕ್ಕಮ್ಮ. ನನಗೂ ಅಷ್ಟೆ.

ನಾನು ಶಿಕಾರಿಪುರದವಳು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿದ್ದರೂ, ಆನವಟ್ಟಿ ಸಂತೆಗೆ ಬರುತ್ತಿದ್ದ ಹಾನಗಲ್ಲಿನ ಕಡೆಯವರು ಇನ್ನೂ "ನಿಮ್ಮ ಮೈಸೂರಿನಾಗೆ" ಎಂದೇ ಮಾತು ಶುರುಮಾಡುತ್ತಿದ್ದರು. ಶಿವಮೊಗ್ಗದಲ್ಲಿ ಟ್ರೈನಿಂಗ್ ಮುಗಿಸಿದ ನನಗೆ ಕುಬಟೂರಿನ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೆಣ್ಣು ಮೇಷ್ಟರನ್ನು ಆ ಕಡೆ ಅಕ್ಕೋರು ಎನ್ನುತ್ತಾರೆ. ಇಪ್ಪತ್ತೆರಡು ತುಂಬದ ನಾನು ದಿಢೀರನೆ ಎಲ್ಲರಿಗೂ ಅಕ್ಕೋರಾದೆ. ಆನವಟ್ಟಿಯಲ್ಲಿ ದೂರದ ನೆಂಟರ ಮನೆಯ ಒಂದು ಕೋಣೆಯಲ್ಲಿ ವಾಸ. ಬೆಳಿಗ್ಗೆ ಕುಬಟೂರಿಗೆ ನಡಿಗೆ, ಶನಿವಾರ ಮಧ್ಯಾಹ್ನ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಶಿಕಾರಿಪುರಕ್ಕೆ, ಅಮ್ಮನ ಹತ್ತಿರಕ್ಕೆ.

ಆ ಬಸ್ಸು ಹೇಳಿದ ಹೊತ್ತಿಗೆ ಬಂದದ್ದು ನನಗೆ ನೆನಪಿಲ್ಲ. ಮೊದಲ ಶನಿವಾರವೇ ಬಿಸಿಲಲ್ಲಿ ನಿಂತು ನಿಂತು ತಲೆ ನೋಯುತ್ತಿದ್ದಾಗ ರಸ್ತೆಯ ಆಚೆಯಿಂದ ಕಾಫಿ ಬೀಜ ಹುರಿಯುವ ವಾಸನೆ ಬಂತು. ಹೆಂಚಿನ ಮನೆ, ಅಗಲವಾದ ಜಗಲಿ, ಜಗಲಿಯ ಮೇಲೆ ಒಂದು ಬೆಂಚು. ಒಳಗೆ ಒಲೆಯ ಮುಂದೆ ಐವತ್ತರ ಆಸುಪಾಸಿನ ಹೆಂಗಸು, ಬರಿಯ ಹಣೆ, ಸೆರಗನ್ನು ಸೊಂಟಕ್ಕೆ ಬಿಗಿದು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು, ಒಂದು ಕಾಫಿ ಕೊಡ್ತೀರಾ ಎಂದು ಕೇಳಿದೆ.

"ಹೆಂಗೆ ಬೇಕು?" ಎಂದರು, ಬಾಣಲೆಯಿಂದ ಕಣ್ಣು ತೆಗೆಯದೆ.

"ಹೆಂಗಾದರೂ ಆಗುತ್ತೆ."

ಅವರು ಬಾಣಲೆ ಇಳಿಸಿದರು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ ನಿಂತರು. ಸಿಟ್ಟಿನ ಮುಖವಲ್ಲ, ಅವಸರವಿಲ್ಲದ ಮುಖ. "ಹೆಂಗಾದರೂ ಅನ್ನೋದು ಇಲ್ಲಿ ಇಲ್ಲ ಮಾರಾಯ್ತಿ. ಗಟ್ಟಿಯೋ, ತೆಳುವೋ? ಹಾಲೆಷ್ಟು? ಸಕ್ಕರೆಯೋ, ಬೆಲ್ಲವೋ?"

ನನಗೆ ಉತ್ತರ ಗೊತ್ತಿರಲಿಲ್ಲ. ಹೇಳಿದರೆ ಈಗ ನಗು ಬರಬಹುದು, ಅಂದು ಮಾತ್ರ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ನೋಡಿ ಬೆವರಿದಂತೆ ಬೆವರಿದೆ. ನಮ್ಮ ಮನೆಯಲ್ಲಿ ಮೊದಲ ಡಿಕಾಕ್ಷನ್ ಅಪ್ಪನಿಗೆ, ಅಣ್ಣನಿಗೆ, ಬಂದವರಿಗೆ. ಅದೇ ಪುಡಿಗೆ ಮತ್ತೆ ಬಿಸಿನೀರು ಹುಯ್ದು ಇಳಿಸಿದ್ದು ಅಮ್ಮನಿಗೆ ಮತ್ತು ನನಗೆ. ಉಳಿದ ಹಾಲು, ಉಳಿದ ಬೆಲ್ಲ. ಅದು ಚೆನ್ನಾಗಿದೆಯೇ ಇಲ್ಲವೇ ಎಂದು ಯೋಚಿಸುವ ಸಂದರ್ಭವೇ ಬಂದಿರಲಿಲ್ಲ. ಕೊನೆಗೆ, ಟ್ರೈನಿಂಗ್ ಶಾಲೆಯ ನಮ್ಮ ದೊಡ್ಡ ಅಕ್ಕೋರು ಕುಡಿಯುತ್ತಿದ್ದದ್ದು ನೆನಪಾಗಿ, "ಹಾಲು ಜಾಸ್ತಿ, ಸಕ್ಕರೆ ಎರಡು ಚಮಚ" ಎಂದೆ. ಅವರು ಹಾಗೆಯೇ ಮಾಡಿ ಹಿತ್ತಾಳೆ ಲೋಟದಲ್ಲಿ ಕೊಟ್ಟರು. ನಾನು ಕುಡಿಯುವುದನ್ನೇ ನೋಡುತ್ತಿದ್ದು, ಲೋಟ ಕೆಳಗಿಟ್ಟ ಮೇಲೆ ಹೇಳಿದರು: "ಇದು ನಿಂದಲ್ಲ. ಮುಂದಿನ ವಾರ ಬೇರೆ ನೋಡೋಣ."

ಹೀಗೆ ನಾಲ್ಕೈದು ಶನಿವಾರ ನೋಡಿದೆವು. ಒಂದು ವಾರ ಹಾಲು ಕಡಿಮೆ, ಇನ್ನೊಂದು ವಾರ ಹಾಲೇ ಇಲ್ಲ. ಕೊನೆಗೆ ಒಂದು ದಿನ, ಗಟ್ಟಿ ಡಿಕಾಕ್ಷನ್ನಿಗೆ ಬಣ್ಣ ತಿರುಗುವಷ್ಟೇ ಹಾಲು, ಒಂದು ಚೂರು ಬೆಲ್ಲ. ಮೊದಲ ಗುಟುಕಿಗೇ ನಾನು ತಲೆಯೆತ್ತಿದೆ. ಅಂದಿನಿಂದ ನಾನು ಜಗಲಿ ಹತ್ತುವುದನ್ನು ಕಂಡರೆ ಸಾಕು, ಅವರ ಕೈ ಬೆಲ್ಲದ ಡಬ್ಬಿಗೆ ಹೋಗುತ್ತಿತ್ತು.

ಚಿಕ್ಕಮ್ಮ ಕಾಫಿ ಕಲಿತದ್ದು ಮೂಡಿಗೆರೆ ಕಡೆಯ ಒಂದು ತೋಟದ ಬಂಗಲೆಯಲ್ಲಿ. ಗಂಡ ಅಲ್ಲಿ ಅಡಿಗೆಯವನು, ಇವರು ಮೇಲುಕೆಲಸಕ್ಕೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದರು. ಅಣ್ಣ ರಸ್ತೆಯ ಕಡೆಯ ಕೋಣೆಯನ್ನು ಬಿಟ್ಟುಕೊಟ್ಟರು. ಸುಮ್ಮನೆ ಕೂರಲಾಗದೆ ಅದರಲ್ಲೇ ಒಲೆ ಹೂಡಿದರು. ತೋಟದ ಕಡೆಯಿಂದ ಪರಿಚಯದವರೊಬ್ಬರು ಲಾರಿಯಲ್ಲಿ ಬೀಜ ಕಳಿಸುತ್ತಿದ್ದರು. ಹುರಿಯುವುದು, ಗೋಡೆಗೆ ಬಿಗಿದ ಕೈಮಿಲ್ಲಿನಲ್ಲಿ ಪುಡಿ ಮಾಡುವುದು, ಬಟ್ಟೆಯಲ್ಲಿ ಸೋಸುವುದು, ಎಲ್ಲ ಅವರೇ. ಇಡ್ಲಿ ಇಲ್ಲ, ವಡೆ ಇಲ್ಲ, ಚಿಕೋರಿ ಇಲ್ಲ. ದಿನಕ್ಕೆ ಎರಡು ಸಲ ಹೊಸ ಪುಡಿಯಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು, ಮೂರನೆಯದು ಇಲ್ಲ. ಒಮ್ಮೆ ಬಳ್ಳಿಗಾವಿ ಕಡೆಯ ದೊಡ್ಡ ಜಮೀನುದಾರರೊಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ಸಂಜೆ ಬಂದರು. ಮುಗಿದಿದೆ ಎಂದರೂ ಅವರು ಕೇಳಲಿಲ್ಲ. "ಅದೇ ಪುಡಿಗೆ ಇನ್ನೊಂದು ಸಲ ನೀರು ಹಾಕ್ರಿ, ನಡೀತದೆ" ಎಂದರು. ಚಿಕ್ಕಮ್ಮ ಆ ಪುಡಿಯನ್ನು ಬಟ್ಟೆಸಮೇತ ಎತ್ತಿಕೊಂಡು ಹೋಗಿ ಹಿತ್ತಲ ಕರಿಬೇವಿನ ಬುಡಕ್ಕೆ ಕೊಡವಿ ಬಂದರು. "ನಾಳೆ ಬೆಳಿಗ್ಗೆ ಬನ್ನಿ ಗೌಡ್ರೆ, ಮೊದಲನೇದು ನಿಮಗೇ" ಎಂದರು. ಗೌಡರು ಮುಖ ಗಂಟಿಕ್ಕಿಕೊಂಡು ಹೋದರು. ಬೆಳಿಗ್ಗೆ ಬಂದರು ಕೂಡ.

ಇನ್ನೊಂದು ವಿಶೇಷ ಅಲ್ಲಿತ್ತು. ಆಗೆಲ್ಲ ಹೋಟೆಲುಗಳಲ್ಲಿ ಹೆಂಗಸರು ಕೂರುವುದೇ ಕಡಿಮೆ. ಕೂತರೂ ಪರದೆಯ ಹಿಂದೆ. ಚಿಕ್ಕಮ್ಮ ಹೆಂಗಸರ ಬೆಂಚನ್ನು ಜಗಲಿಯ ಮೇಲೆ, ರಸ್ತೆಗೆ ಮುಖಮಾಡಿ ಹಾಕಿದ್ದರು. ಗಂಡಸರಿಗೆ ಒಳಗೆ. "ಒಳಗೆ ಹೊಗೆ. ಹೆಂಗಸರು ಮನೇಲಿ ದಿನಾ ಹೊಗೇಲೇ ಇರ್ತಾರೆ. ಇಲ್ಲಾದರೂ ಗಾಳಿ ಕುಡೀಲಿ" ಎನ್ನುತ್ತಿದ್ದರು. ನಾನು ಒಂದು ತಿಂಗಳು ಬಾಗಿಲ ಮರೆಯಲ್ಲಿ ನಿಂತೇ ಕುಡಿದೆ. ಒಂದು ದಿನ ಕಾಲು ನೋಯುತ್ತಿತ್ತು, ಕೂತುಬಿಟ್ಟೆ. ರಸ್ತೆಯಲ್ಲಿ ಹೋಗುವವರು ನೋಡಿದರು, ಮತ್ತೆ ತಮ್ಮ ದಾರಿ ನೋಡಿದರು. ಅಷ್ಟಕ್ಕಾಗಿ ತಿಂಗಳಿಡೀ ಹೆದರಿದ್ದೆ.

ಶಾಲೆಯಲ್ಲಿ ಮಾತ್ರ ನನ್ನ ಪಾಡು ಚೆನ್ನಾಗಿರಲಿಲ್ಲ. ಮಕ್ಕಳು ನನ್ನ ಮುಂದೆ ಕಲ್ಲಿನಂತೆ ಕೂರುತ್ತಿದ್ದರು. ಟ್ರೈನಿಂಗ್ ಶಾಲೆಯ ದೊಡ್ಡ ಅಕ್ಕೋರ ಮೇಲೆ ನನಗೆ ಅಪಾರ ಗೌರವ. ಅವರ ಹಾಗೆ ಗಂಟಲು ಸರಿಪಡಿಸಿಕೊಂಡು, ಅವರ ಹಾಗೆ ಸೀಮೆಸುಣ್ಣ ಹಿಡಿದು, ಅವರ ಹಾಗೆ ತೂಕದ ಮಾತಿನಲ್ಲಿ ಪಾಠ ಮಾಡುತ್ತಿದ್ದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆ, ಹೊಸಬರ ಪಾಠ ನೋಡುತ್ತಾರೆ ಎಂಬ ಸುದ್ದಿ ಬಂತು. ಅವರಿಗೆ ಹಿಡಿಸದಿದ್ದರೆ ಕೆಲಸ ಖಾಯಂ ಆಗುವುದು ಕಷ್ಟ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಕೆಲಸ ಹೋದರೆ ಶಿಕಾರಿಪುರಕ್ಕೆ ವಾಪಸು. ವಾಪಸು ಹೋದರೆ ಅಣ್ಣ ನೋಡಿಟ್ಟಿದ್ದ ಸಂಬಂಧಕ್ಕೆ ತಲೆಯೊಡ್ಡಬೇಕು. ಬಾಯಿಪಾಠ ಮಾಡಲು ಕೂತೆ. ಕೋಣೆಯಲ್ಲಿ ನೆಂಟರ ಗಲಾಟೆ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಚಿಕ್ಕಮ್ಮನ ಜಗಲಿಯ ಮೇಲೆ ಓಡಾಡುತ್ತ ಹೇಳಿಕೊಂಡೆ: "ಮಕ್ಕಳೇ, ಜಲವು ಸಕಲ ಜೀವರಾಶಿಗಳಿಗೂ ಆಧಾರವಾದುದು. ಜಲಾಶಯಗಳನ್ನು ನಿರ್ಮಲವಾಗಿಡುವುದು ನಮ್ಮೆಲ್ಲರ ಕರ್ತವ್ಯ..."

ಚಿಕ್ಕಮ್ಮ ಒಳಗೆ ಬೀಜ ಆರಿಸುತ್ತಿದ್ದರು. ಪೂರ್ತಿ ಕೇಳಿದರು. "ಚೆನ್ನಾಗಿದೆ" ಎಂದರು. ಇನ್ನೊಂದು ಹಿಡಿ ಬೀಜ ಮೊರಕ್ಕೆ ಹಾಕಿಕೊಂಡು, "ಯಾರದು ಇದು?" ಎಂದರು.

"ಪಾಠ, ಚಿಕ್ಕಮ್ಮ. ಪುಸ್ತಕದ್ದು."

"ಪಾಠ ಅಲ್ಲ ಕಣೇ. ಆ ದನಿ ಯಾರದು?"

ಅವರು ಮೊರದಿಂದ ಕೆಟ್ಟ ಬೀಜವೊಂದನ್ನು ಆರಿಸಿ ಪಕ್ಕಕ್ಕಿಟ್ಟು, ಯಾವುದೋ ಬೇರೆ ವಿಷಯ ಹೇಳುವವರಂತೆ ಹೇಳಿದರು. "ಬಂಗಲೇಲಿ ಹನ್ನೊಂದು ವರ್ಷ ದೊರೆಸಾನಿಗೆ ಕಾಫಿ ಮಾಡಿದೆ. ಅವಳಿಗೆ ಹೆಂಗೆ ಬೇಕೋ ಹಂಗೆ. ಒಂದು ದಿನಾನೂ ಹೆಚ್ಚುಕಡಿಮೆ ಆಗಲಿಲ್ಲ. ಮಿಕ್ಕಿದ್ದು ನಾನು ಕುಡೀತಿದ್ದೆ, ಅದೇ ರುಚಿ ಅನ್ಕೊಂಡಿದ್ದೆ. ಇಲ್ಲಿಗೆ ಬಂದು ಮೊದಲ ದಿನ ನನಗೇ ಅಂತ ಒಂದು ಲೋಟ ಮಾಡ್ಕೊಂಡೆ ನೋಡು, ದೊರೆಸಾನಿ ಕಾಫಿನೇ ಆಗಿತ್ತು. ಚೆಲ್ಲಿದೆ. ಮೂರು ದಿನ ಬೇಕಾಯ್ತು ನಂದು ಯಾವುದು ಅಂತ ತಿಳಿಯೋಕೆ."

ಇನ್ಸ್‌ಪೆಕ್ಟರು ಬಂದ ದಿನ ನಾನು ಬಾಯಿಪಾಠ ಮಾಡಿದ್ದೆಲ್ಲ ತಯಾರಿತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ. "ನಮ್ಮೂರ ಕೆರೆಗೆ ಇವತ್ತು ಬೆಳಿಗ್ಗೆ ಯಾರ್ಯಾರು ಹೋಗಿದ್ರಿ?" ಎಂದುಬಿಟ್ಟೆ, ನಮ್ಮಮ್ಮನ ಹತ್ತಿರ ಮಾತಾಡುವ ಹಾಗೆ. ಆಮೇಲೆ ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. "ನಾನು ಹೋಗಿದ್ನಿರೀ ಅಕ್ಕೋರೆ, ಎಮ್ಮಿ ಮೈ ತೊಳ್ಯಾಕ." ಇನ್ನೊಂದು ದನಿ: "ಎಮ್ಮಿ ತೊಳ್ಯೋ ಕಡೀನೇ ಇವರವ್ವ ನೀರು ತುಂಬತಾಳ್ರಿ!" ತರಗತಿ ನಕ್ಕಿತು. ಅಲ್ಲಿಂದ ಪಾಠ ನಾನು ಮಾಡಲಿಲ್ಲ, ಮಕ್ಕಳೇ ಮಾಡಿದರು. ಎಮ್ಮೆ ಎಲ್ಲಿ ತೊಳೆಯಬೇಕು, ನೀರು ಎಲ್ಲಿ ತುಂಬಬೇಕು ಎಂದು ಜಗಳವಾಡಿ ಅವರೇ ತೀರ್ಮಾನಿಸಿದರು.

ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಬರೆದ ಷರಾ ಹೀಗಿತ್ತು: "ಉಪಾಧ್ಯಾಯಿನಿಯ ಭಾಷೆ ಗ್ರಾಮ್ಯವಾಗಿದೆ, ತಿದ್ದಿಕೊಳ್ಳತಕ್ಕದ್ದು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು." ಎರಡನೆಯ ವಾಕ್ಯ ನನ್ನ ಕೆಲಸ ಉಳಿಸಿತು. ಚಿಕ್ಕಮ್ಮನಿಗೆ ಹೇಳಿದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. "ಗ್ರಾಮದಲ್ಲಿ ಗ್ರಾಮ್ಯ ಅಲ್ದೆ ಇನ್ನೇನು ಆಡ್ತಾರಂತೆ!"

ಆ ವಾರ ಮನೆಗೆ ಹೋದಾಗ ಮೊದಲ ಡಿಕಾಕ್ಷನ್ನಿನಿಂದ ಅಮ್ಮನಿಗೊಂದು ಲೋಟ ಮಾಡಿದೆ. ಹೆಂಗೆ ಬೇಕಮ್ಮ ಎಂದರೆ, "ಹೆಂಗಾದ್ರೂ ಆಗುತ್ತೆ ಕಣೇ, ಮೊದಲು ಅಪ್ಪನಿಗೆ, ಅಣ್ಣನಿಗೆ ಕೊಡು" ಎಂದಳು. ಅವರಿಗೆ ಆಮೇಲೆ ಎಂದೆ. ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅಡಿಗೆಮನೆಯ ಮೂಲೆಗೆ ತಿರುಗಿಕೊಂಡು ಕುಡಿದಳು. ಎರಡು ವಾರದ ಮೇಲೆ ತಾನಾಗಿಯೇ, "ಬೆಲ್ಲ ಒಂಚೂರು ಜಾಸ್ತಿ ಇರಲಿ" ಎಂದಳು. ಐವತ್ತು ದಾಟಿದ ನನ್ನ ಅಮ್ಮ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಇಷ್ಟೇ ಆಗಿದ್ದರೆ ಚಿಕ್ಕಮ್ಮ ನನಗೆ ಪೂಜಿಸುವ ಮೂರ್ತಿಯಾಗಿಬಿಡುತ್ತಿದ್ದರು. ಆದರೆ ಅವರ ಅಂಗಡಿಯ ಹೊರಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಮೂರು ಅಲ್ಯೂಮಿನಿಯಂ ಲೋಟ ಕವುಚಿಟ್ಟಿರುತ್ತಿದ್ದರು. ಎಲ್ಲ ಹೋಟೆಲುಗಳ ಹೊರಗೂ ಆಗ ಇದ್ದಂಥವೇ. ಊರಾಚೆಯ ಕೇರಿಯವರು ಬಂದರೆ ತಾವೇ ಲೋಟ ತೆಗೆದುಕೊಂಡು ಜಗಲಿಯ ಕೆಳಗೆ ನಿಲ್ಲಬೇಕು, ಮೇಲಿನಿಂದ ಹುಯ್ಯುತ್ತಾರೆ, ಕುಡಿದು ತೊಳೆದು ಮತ್ತೆ ಗೂಡಿನಲ್ಲಿ ಕವುಚಬೇಕು. ನಾನು ಅದನ್ನು ಹುಟ್ಟಿದಾಗಿನಿಂದ ನೋಡಿದವಳು. ನೋಡಿದ್ದರಿಂದಲೇ ಕಂಡಿರಲಿಲ್ಲ.

ಕುಬಟೂರಿನ ದುರ್ಗಪ್ಪ ಸಂತೆಯ ದಿನ ಚಪ್ಪಲಿ ಹೊಲಿದು ಮಾರಲು ತರುತ್ತಿದ್ದ. ಅವನ ಮಗಳು ನನ್ನ ತರಗತಿಯಲ್ಲಿದ್ದಳು. ಒಂದು ಸಂತೆಯ ದಿನ ಶಾಲೆಗೆ ರಜೆ. ನಾನು ಬೆಂಚಿನ ಮೇಲೆ ಕೂತಿದ್ದೆ. ದುರ್ಗಪ್ಪ ಚಪ್ಪಲಿಯ ಗಂಟು ಇಳಿಸಿ, ಲೋಟ ತೆಗೆದುಕೊಂಡು ನಿಂತ. ಚಿಕ್ಕಮ್ಮ ಚೊಂಬಿನಲ್ಲಿ ಬೆರೆಸಿಟ್ಟಿದ್ದ ಕಾಫಿಯನ್ನು ಎತ್ತರದಿಂದ ಹುಯ್ದರು. ಅವನು ಕುಡಿದು ಹೋದ. ಅವನನ್ನು ಅವರು ಒಂದು ಮಾತೂ ಕೇಳಲಿಲ್ಲ.

"ಚಿಕ್ಕಮ್ಮ," ಎಂದೆ, "ದುರ್ಗಪ್ಪನ್ನ ಯಾಕೆ ಕೇಳಲಿಲ್ಲ?"

"ಏನು ಕೇಳೋದು?"

"ಹೆಂಗೆ ಬೇಕು ಅಂತ."

ಅವರ ಮುಖ ಬಿಗಿಯಿತು. "ನೀನು ಶಾಲೆ ನೋಡ್ಕೋ. ಅಂಗಡಿ ನಾನು ನೋಡ್ಕೋತೀನಿ."

ಎರಡು ವಾರ ಅವರು ನನ್ನ ಜೊತೆ ಮಾತಾಡಲಿಲ್ಲ. ಕಾಫಿ ಮಾತ್ರ ಎಂದಿನಂತೆ, ಬೆಲ್ಲ ಹಾಲು ಎಲ್ಲ ಸರಿಯಾಗಿ, ಮಾತಿಲ್ಲದೆ ಬಂದು ಬೆಂಚಿನ ಮೇಲೆ ಕೂರುತ್ತಿತ್ತು. ಹೇಳಬಾರದಾಗಿತ್ತೇನೋ ಎಂದು ನಾನೂ ಕೊರಗಿದೆ.

ಮೂರನೆಯ ವಾರ ಶಿರಾಳಕೊಪ್ಪದ ಇಮಾಂ ಸಾಬರು ಕಲಾಯಿ ಹಾಕಲು ಬಂದರು. ವರ್ಷಕ್ಕೆ ಎರಡು ಮೂರು ಸಲ ಬಂದು ಊರಿನ ಹಿತ್ತಾಳೆ ಪಾತ್ರೆಗಳಿಗೆಲ್ಲ ತವರ ಹಚ್ಚಿ ಹೋಗುತ್ತಿದ್ದ ಮುದುಕ. ಚಿಕ್ಕಮ್ಮ ಲೋಟಗಳನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕಿದರು. ಸಾಬರು ತಿದಿಯೊತ್ತುತ್ತ, ಕಾದ ಲೋಟದೊಳಗೆ ಅರಳೆ ಹಾಕಿ ತಿರುವುತ್ತ ಹರಟುತ್ತಿದ್ದರು. ನಾನು ನೀರು ಸೇದಿ ಕೊಡುತ್ತಿದ್ದೆ.

"ನೋಡಮ್ಮಾ," ಎಂದರು ಸಾಬರು, "ಗೌಡ್ರ ಮನೆ ಲೋಟ, ಐನೋರ ಮನೆ ಲೋಟ, ಎಲ್ಲಾ ನನ್ನ ಕೈಯಾಗೇ ಬೆಳ್ಳಗಾಗೋದು. ಒಳಗೆಲ್ಲಾ ನನ್ನ ಬೆರಳು ಓಡಾಡಿರ್ತದೆ. ಆಮೇಲೆ ಅದ್ರಾಗೇ ಕುಡೀತಾರೆ. ನಂಗೆ ನೀರು ಕೊಡೋವಾಗ ಮಾತ್ರ ಬೊಗಸೇಗೆ ಹುಯ್ತಾರೆ." ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಮೋಜಿನ ಸಂಗತಿಯಂತೆ ಹೇಳಿ, ಬೊಚ್ಚುಬಾಯಿ ತೆರೆದು ನಕ್ಕರು. ಅವರ ಪಕ್ಕದಲ್ಲಿ ಅವರದೇ ಮನೆಯಿಂದ ತಂದ ಲೋಟವಿತ್ತು. ಚಿಕ್ಕಮ್ಮನ ಅಂಗಡಿಯಲ್ಲೂ ಅವರು ಅದರಲ್ಲೇ ಕುಡಿಯುತ್ತಿದ್ದದ್ದು.

ಚಿಕ್ಕಮ್ಮ ನಗಲಿಲ್ಲ. ಆರಿದ ಲೋಟವೊಂದನ್ನು ಎತ್ತಿಕೊಂಡು ಒಳಗೆ ಹೋದರು. ಅದರಲ್ಲಿ ಕಾಫಿ ತಂದು ಸಾಬರ ಮುಂದಿಟ್ಟರು. ಸಾಬರ ತಿದಿ ನಿಂತಿತು.

ಮುಂದಿನ ಸಂತೆಯ ದಿನ, ನಾನು ಶಾಲೆಗೆ ಹೊರಡುವ ಮುಂಚೆ ಹೋದಾಗ, ಗೂಡು ಖಾಲಿಯಿತ್ತು. ದುರ್ಗಪ್ಪ ಗೂಡಿಗೆ ಕೈಹಾಕಿ, ತಡಕಿ, ಗಾಬರಿಯಿಂದ ಹಿಂದೆ ಸರಿದ.

"ಕಾಫಿ ಹೆಂಗೆ ಬೇಕು ದುರ್ಗಪ್ಪ?" ಎಂದರು ಚಿಕ್ಕಮ್ಮ.

"ಏನು ತಪ್ಪಾತ್ರಿ ಅವ್ವಾರ?"

"ತಪ್ಪೇನಿಲ್ಲ. ಹೆಂಗೆ ಬೇಕು ಅಂತ ಕೇಳ್ದೆ."

"ನೀವು ಕೊಟ್ಟಂಗ್ರಿ."

"ಹಂಗಲ್ಲ. ನಿನಗೆ ಹೆಂಗೆ ಬೇಕು?"

ಅವನು ನನ್ನ ಕಡೆ ನೋಡಿದ, ನೆಲ ನೋಡಿದ. "ಹಾಲು ಬ್ಯಾಡ್ರಿ. ಹಾಲು ನನಗೆ ಹೊಟ್ಟಿಗೆ ಆಗಂಗಿಲ್ರಿ."

"ಮತ್ತೆ ಇಷ್ಟು ದಿನ ಕುಡೀತಿದ್ದೆಯಲ್ಲ?"

"ಕೊಡ್ತಿದ್ರಿ, ಕುಡೀತಿದ್ನಿರೀ."

ಚಿಕ್ಕಮ್ಮ ಒಲೆಯ ಹತ್ತಿರ ಹೋಗಿ, ಚೊಂಬಿನಲ್ಲಿ ಬೆರೆಸಿಟ್ಟಿದ್ದ ಕಾಫಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹಾಲಿಲ್ಲದ ಕಾಫಿಯನ್ನು ಹಿತ್ತಾಳೆ ಲೋಟದಲ್ಲಿ ತಂದು, ಜಗಲಿ ಇಳಿದು ಅವನ ಕೈಗೆ ಕೊಟ್ಟರು. ಅವನು ಅದನ್ನು ಹೆಗಲ ವಸ್ತ್ರದಲ್ಲಿ ಹಿಡಿದು, ಜಗಲಿಯ ಕೆಳಗೆ ನಿಂತು ಕುಡಿದ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಯಾರೂ ಬಂದು ಜಗಳವಾಡಲಿಲ್ಲ. ಬರುವುದು ನಿಲ್ಲಿಸಿದರು, ಅಷ್ಟೆ. ಮಾರನೆಯ ದಿನ ಡಿಕಾಕ್ಷನ್ ಅರ್ಧಕ್ಕರ್ಧ ಉಳಿಯಿತು. ಚಿಕ್ಕಮ್ಮನ ಅಣ್ಣ ನಡುಮನೆಯ ಬಾಗಿಲಲ್ಲಿ ನಿಂತು, "ನೀನು ಮಾಡೋದು ಮಾಡ್ತೀ, ಊರಲ್ಲಿ ತಲೆಯೆತ್ತಿ ಓಡಾಡಬೇಕಾದವನು ನಾನು" ಎಂದರು. ಚಿಕ್ಕಮ್ಮ, "ಕೋಣೆ ಬಿಡು ಅಂದ್ರೆ ಬಿಡ್ತೀನಿ ಅಣ್ಣಯ್ಯ. ಗೂಡಿಗೆ ಲೋಟ ಇಡು ಅಂದ್ರೆ ಇಡಲ್ಲ" ಎಂದರು. ಅಣ್ಣ ಬಿಡು ಎನ್ನಲಿಲ್ಲ. ಆರು ತಿಂಗಳು ಮಾತನ್ನೂ ಆಡಲಿಲ್ಲ. ಹಾಲಿನವಳು ಬರುವುದು ನಿಲ್ಲಿಸಿದಳು. ಸುಮಾರು ಒಂದು ತಿಂಗಳು ಅಂಗಡಿಯಲ್ಲಿ ದುರ್ಗಪ್ಪನ ಕಾಫಿಯೇ ಎಲ್ಲರಿಗೂ. ಒಂದು ಬೆಳಿಗ್ಗೆ ಹಾಲಿನವಳು ತಾನಾಗಿ ತಂಬಿಗೆ ಹಿಡಿದು ಬಂದು, "ನಮ್ಮೆಮ್ಮಿಗೇನು ಗೊತ್ತು ಚಿಕ್ಕಮ್ಮ, ಅದು ಹಿಂಡ್ತೈತಿ. ನೀವು ಯಾರಿಗೆ ಕೊಡ್ತೀರೋ ಕೊಡ್ರಿ" ಎಂದಳು. ಕೆಲವು ಗಿರಾಕಿಗಳು ವಾಪಸು ಬಂದರು. ಬಳ್ಳಿಗಾವಿ ಕಡೆಯ ಗೌಡರು ಬರಲಿಲ್ಲ.

ನಮ್ಮ ಹೆಡ್‌ಮಾಸ್ಟರು ಒಳ್ಳೆಯವರೇ. "ಅಕ್ಕೋರೆ, ಆ ಅಂಗಡೀಲಿ ಕೂರೋದು ಸ್ವಲ್ಪ ದಿನ ಬಿಡ್ರಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರು. ಹೂಂ ಎಂದೆ. ಅದೇ ಸಂಜೆ ಹೋಗಿ ಬೆಂಚಿನ ಮೇಲೆ ಕೂತೆ. ಹಾಗೆ ಮಾಡಲು ನನಗೆ ಧೈರ್ಯವೇನೂ ಬೇಕಾಗಲಿಲ್ಲ. ಆ ಹೊತ್ತಿಗೆ ಬೇರೆ ಕಡೆ ಕೂರುವುದೇ ಕಷ್ಟವಾಗಿತ್ತು.

ವರ್ಷದ ಕೊನೆಗೆ ನನಗೆ ಸೊರಬಕ್ಕೆ ವರ್ಗವಾಯಿತು. ಇದಕ್ಕೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ ನನಗೆ ತಿಳಿಯದು. ಹೊರಡುವ ಬೆಳಿಗ್ಗೆ ಟ್ರಂಕು ಹಿಡಿದು ಅಂಗಡಿಯ ಮುಂದೆ ಬಂದರೆ ಒಲೆ ಆರಿದೆ, ಬಾಗಿಲಿಗೆ ಬೀಗ. ಚಿಕ್ಕಮ್ಮ ಸೀರೆಯ ನೆರಿಗೆ ತಿದ್ದಿ, ಕೈಯಲ್ಲೊಂದು ಚೀಲ ಹಿಡಿದು ಜಗಲಿಯ ಮೇಲೆ ನಿಂತಿದ್ದರು.

"ನಾನೂ ಬರ್ತೀನಿ. ನೀನು ಇರೋ ಜಾಗ ನೋಡ್ಕೊಂಡು ಸಂಜೆ ಬಸ್ಸಿಗೆ ವಾಪಸು ಬರ್ತೀನಿ" ಎಂದರು. ಆ ಅಂಗಡಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ದಿನ.

ಸೊರಬದಲ್ಲಿ ಇಳಿದಾಗ ಮಧ್ಯಾಹ್ನ. ಬಸ್ಸಿನ ಧೂಳಿಗೆ ಇಬ್ಬರ ಗಂಟಲೂ ಒಣಗಿತ್ತು. ನಿಲ್ದಾಣದ ಪಕ್ಕದಲ್ಲಿ ಒಂದು ಹೋಟೆಲಿತ್ತು. ಚಿಕ್ಕಮ್ಮ ಬಾಗಿಲಲ್ಲಿ ತಡೆದು ನಿಂತರು. ತಾವೇ ಅಂಗಡಿ ಇಟ್ಟವರು ಇನ್ನೊಬ್ಬರ ಅಂಗಡಿಗೆ ಎಂದೂ ಕಾಲಿಟ್ಟಿರಲಿಲ್ಲ. ನಾನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಮಾಲೀಕರು ವಯಸ್ಸಾದವರು. ನಮ್ಮನ್ನು ಪರದೆಯ ಹಿಂದಕ್ಕೆ ಕಳಿಸಲಿಲ್ಲ. ಮುಂದಿನ ಮೇಜನ್ನೇ ಒರೆಸಿ, "ಕೂತ್ಕೊಳ್ಳಿ ಅಮ್ಮ" ಎಂದರು. ಚಿಕ್ಕಮ್ಮ ಕೂತರು. ಕಾಫಿ ಬಂತು. ಬಗ್ಗಿ ಮೂಸಿದರು. "ಚಿಕೋರಿ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಆದರೆ ಕುಡಿದರು, ನಿಧಾನವಾಗಿ, ತಳದವರೆಗೆ. ಕುಡಿದು ಲೋಟ ಇಟ್ಟ ಮೇಲೂ ಏಳಲಿಲ್ಲ. ಮೇಜಿನ ಮೇಲೆ ಕೈಯಿಟ್ಟುಕೊಂಡು ಹೊರಗೆ ನೋಡುತ್ತ ಕೂತೇ ಇದ್ದರು.

"ಹೆಂಗಿತ್ತು ಅಮ್ಮ?" ಎಂದರು ಮಾಲೀಕರು.

"ಕಾಫಿ ಚೆನ್ನಾಗಿಲ್ಲ ರಾಯರೆ. ತಪ್ಪು ತಿಳೀಬೇಡಿ, ನನ್ನ ಕಸುಬೂ ಇದೇ." ಮಾಲೀಕರ ಮುಖ ಸಣ್ಣಗಾಯಿತು. ಚಿಕ್ಕಮ್ಮ ನನ್ನ ಕಡೆ ತಿರುಗಿದರು. "ಆದರೆ ಒಬ್ಬರು ಕೂತ್ಕೊಳ್ಳಿ ಅಂತ ಹೇಳಿ ಕೊಟ್ಟದ್ದನ್ನ ಕುಡಿದು ಎಷ್ಟು ವರ್ಷ ಆಯ್ತೋ ಕಣೇ. ಬಂಗಲೇಲಿ ನಿಂತ್ಕೊಂಡು ಕುಡೀತಿದ್ದೆ. ಅಂಗಡೀಲೂ ಒಲೆ ಮುಂದೆ ನಿಂತ್ಕೊಂಡೇ. ಕೂತು ಕುಡಿಯೋದು ಅಂದ್ರೆ ಇದು ಅಂತ ನನಗೆ ಗೊತ್ತೇ ಇರಲಿಲ್ಲ."

ಸಂಜೆಯ ಬಸ್ಸು ಹತ್ತಿಸುವಾಗಲೂ ಅವರು ಏನೋ ಯೋಚನೆಯಲ್ಲಿದ್ದರು.

ಒಂದು ತಿಂಗಳ ಮೇಲೆ ನಾನು ಆನವಟ್ಟಿಗೆ ಹೋದೆ. ಸಂತೆಯ ದಿನ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು, ಚಿಕ್ಕಮ್ಮನ ಅಂಗಡಿಗೆ ಈಗ ಮೊದಲಿನಂತೆ ಜನ ಬರುವುದಿಲ್ಲ, ಬಂದಿದ್ದವರೂ ಮತ್ತೆ ಬಿಟ್ಟರು ಎಂದಳು. ಯಾಕೆ ಎಂದು ಕೇಳಿದರೆ, "ನೀವೇ ನೋಡ್ರಿ" ಎಂದಳು. ಜನ ಬರುವುದಿಲ್ಲ ಎಂಬ ಆ ಮಾತು ಕಡೆಗೂ ನಿಜವಾಗಿಯೇ ಉಳಿಯಿತು. ಅಂಗಡಿ ಆಮೇಲೂ ಇಪ್ಪತ್ತು ವರ್ಷಕ್ಕೂ ಮೀರಿ ನಡೆಯಿತಾದರೂ ಎರಡನೆಯ ಡಿಕಾಕ್ಷನ್ ಇಳಿಸುವಷ್ಟು ಜನ ಮತ್ತೆ ಯಾವತ್ತೂ ಬರಲಿಲ್ಲ. ಚಿಕ್ಕಮ್ಮ ಒಂದೇ ಸಲ ಇಳಿಸಿದರು, ಅದನ್ನು ಚೆನ್ನಾಗಿ ಇಳಿಸಿದರು.

ಅಂದು ನಾನು ಜಗಲಿಯ ಹತ್ತಿರ ಬಂದಾಗ ಹೆಂಗಸರ ಬೆಂಚಿನ ಪಕ್ಕಕ್ಕೆ, ಜಗಲಿಯ ಮೇಲೆಯೇ, ಇನ್ನೊಂದು ಬೆಂಚು ಬಿದ್ದಿತ್ತು. ಹೊಸ ಮರ, ಇನ್ನೂ ಬಣ್ಣ ಮಾಸಿರಲಿಲ್ಲ. ಅದರ ತುದಿಯಲ್ಲಿ ದುರ್ಗಪ್ಪ. ಅವನು ಕೂತಿದ್ದ ಎನ್ನುವಂತಿರಲಿಲ್ಲ. ಯಾರಾದರೂ ಗದರಿದರೆ ಎದ್ದು ಹೋಗುವವನಂತೆ ಮೊಣಕಾಲ ಮೇಲೆ ಭಾರ ಬಿಟ್ಟು, ಬೆಂಚಿನ ಅಂಚಿಗೆ ತಗುಲಿಕೊಂಡಿದ್ದ. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. ಚಿಕ್ಕಮ್ಮ ಲೋಟ ತಂದರು, ಆದರೆ ಕೊಡಲಿಲ್ಲ.

"ಸರಿಯಾಗಿ ಕೂತ್ಕೋ ದುರ್ಗಪ್ಪ," ಎಂದರು. "ಬೆಂಚು ಗಟ್ಟಿ ಇದೆ."

ಅವನು ಒಂದು ಸಲ ರಸ್ತೆ ನೋಡಿದ. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತ. ಅವನ ಪಕ್ಕದಲ್ಲಿ ಚಪ್ಪಲಿಯ ಗಂಟಿತ್ತು. ಗಂಟಿನ ಆಚೆ ಒಬ್ಬರು ಕೂರುವಷ್ಟು ಜಾಗವಿತ್ತು. ನಾನು ಹೋಗಿ ಅಲ್ಲಿ ಕೂತೆ.